ಮೊದಲ ಮೂರು ಸಲ ಗಾಳ ಮನೇಲೇ ಇರ್ಲಿ

ಹೋದ ವರ್ಷ ಮಾರ್ಚಿನಲ್ಲಿ ಇಲ್ಲೊಂದು ಫೋಟೋ ಹಾಕಿದ್ದೆ, ನೆನಪಿರಬಹುದು. ಕಿತ್ತಳೆ ಬಣ್ಣದ ಕಯಾಕಿನ ಮೇಲೆ ನಾನು, ಕೈಯಲ್ಲೊಂದು ಬಾಸ್ ಮೀನು, ಮುಖದಲ್ಲಿ ಪೂರ್ತಿ ಮೂವತ್ತೆರಡು ಹಲ್ಲು. ಅದನ್ನು ನೋಡಿ ನಿಮ್ಮಲ್ಲೇ ಮೂರ್ನಾಲ್ಕು ಜನ "ನಾವೂ ಶುರು ಮಾಡ್ಬೇಕು ಮಾರಾಯ, ಏನೇನು ತಗೋಬೇಕು ಹೇಳು" ಅಂತ ಕೇಳಿದ್ರಿ. ನಾನೂ ದೊಡ್ಡ ಪಂಡಿತನ ಹಾಗೆ ಪಟ್ಟಿ ಕೊಟ್ಟೆ. ರಾಡ್ ಇಷ್ಟು ಉದ್ದದ್ದು, ರೀಲ್ ಇಂಥದ್ದು, ರಾಡ್ ನಿಲ್ಲಿಸೋ ಹೋಲ್ಡರ್ ಎರಡು, ನೀರಿನ ಕೆಳಗೆ ಮೀನು ಎಲ್ಲಿದೆ ಅಂತ ತೋರಿಸೋ ಯಂತ್ರ ಒಂದು...

ಆ ಪಟ್ಟಿಯನ್ನು ಇವತ್ತು ವಾಪಸ್ ತಗೊಳ್ತಾ ಇದ್ದೇನೆ. ಈ ಬರಹ ಅದಕ್ಕೇ.

ಆ ಫೋಟೋವನ್ನು ಮತ್ತೊಮ್ಮೆ ನೋಡಿದರೆ ನನ್ನ ಸೀಟಿನ ಹಿಂದೆ ಒಂದು ನೀಲಿ ಗಂಟು ಕಾಣುತ್ತದೆ. ರಬ್ಬರ್ ಹಗ್ಗದ ಕೆಳಗೆ ಸಿಕ್ಕಿಸಿಟ್ಟದ್ದು. ಅದು ನನ್ನ ಲೈಫ್ ಜಾಕೆಟ್. ಮೈಮೇಲೆ ಹಾಕಿಕೊಂಡರೆ ಸೆಕೆ, ಗಾಳ ಬೀಸಲು ತೋಳಿಗೆ ಅಡ್ಡ ಬರುತ್ತೆ, ಫೋಟೋದಲ್ಲಿ ಹೊಟ್ಟೆ ದಪ್ಪ ಕಾಣುತ್ತೆ. ಹಾಗಾಗಿ ಹಿಂದೆ ಕಟ್ಟಿಟ್ಟು ಅದಕ್ಕೇ ಒರಗಿ ಕೂತಿದ್ದೆ. ಒಳ್ಳೇ ದಿಂಬು!

ನನಗೆ ನೀರು ಹೊಸದಲ್ಲ. ಕುಂದಾಪುರದ ಕಡೆಯ ಹೊಳೆದಂಡೆಯ ಮನೆ ನಮ್ಮದು. ಅಮ್ಮನ ತಮ್ಮ, ಅಂದ್ರೆ ನಮ್ಮ ಸಣ್ಣ ಮಾವನ ಹತ್ತಿರ ಒಂದು ಮರದ ದೋಣಿ ಇತ್ತು. ಐದನೇ ಕ್ಲಾಸಿನಲ್ಲೇ ಅದರಲ್ಲಿ ಕೂತು ಗಾಳ ಹಾಕಿ ಕಾಣೆ ಮೀನು ಹಿಡಿದವನು ನಾನು. ಈಜು ಯಾವಾಗ ಕಲಿತೆ ಅನ್ನೋದು ನೆನಪೇ ಇಲ್ಲ. ಆಮೇಲೆ ಇಂಜಿನಿಯರಿಂಗು, ಬೆಂಗಳೂರು, ಕೊನೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ. ಇಲ್ಲಿಗೆ ಬಂದ ಮೇಲೆ ಶನಿವಾರ ಲಾಂಡ್ರಿ, ಭಾನುವಾರ ಕಾಸ್ಟ್ಕೋ ಅಂತ ಬದುಕು ಸವೀತಾ ಇದ್ದಾಗ ಯಾರೋ ಹಳೇ ಕಯಾಕನ್ನು 450 ಡಾಲರಿಗೆ ಮಾರುತ್ತಿದ್ದರು. ಹನ್ನೆರಡು ಅಡಿ ಉದ್ದದ ಪ್ಲಾಸ್ಟಿಕ್ ದೋಣಿ. ನೋಡಿದ ಕೂಡಲೇ ಮಾವನ ದೋಣಿ ನೆನಪಾಯ್ತು. ತಂದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮೀನು ಹಿಡಿಯಲು ಬಳಸುವ ಕಯಾಕುಗಳಲ್ಲಿ ಹೆಚ್ಚಿನವು ಒಳಗೆ ಕೂರುವಂಥವಲ್ಲ, ಮೇಲೆ ಕೂರುವಂಥವು. ಇಂಥ ಕಯಾಕನ್ನು ಎಪ್ಪತ್ತರ ದಶಕದ ಮೊದಲಲ್ಲಿ ಇದೇ ಕ್ಯಾಲಿಫೋರ್ನಿಯಾದ ಮಾಲಿಬು ಕಡೆ ಟಿಮ್ ನೀಮಿಯರ್ ಅನ್ನೋ ಹುಡುಗ ಮಾಡಿದ್ದು. ಕೂರುವ ಜಾಗದಲ್ಲೇ ಆರಪಾರ ತೂತುಗಳಿರುತ್ತವೆ, ಮೇಲೆ ಬಿದ್ದ ನೀರು ತಾನೇ ಇಳಿದು ಹೋಗುತ್ತದೆ. ಹೊಟ್ಟೆಯೊಳಗೆ ಗಾಳಿ ಇರುವುದರಿಂದ ಮಗುಚಿದರೂ ಮುಳುಗುವುದಿಲ್ಲ. "ಮುಳುಗುವುದಿಲ್ಲ" ಅಂತ ಓದಿದ್ದೇ ತಡ, ನನಗೆ ಧೈರ್ಯ ಬಂದುಬಿಟ್ಟಿತ್ತು. ಮುಳುಗದೇ ಇರೋದು ದೋಣಿ, ನಾನಲ್ಲ ಅನ್ನೋದು ಹೊಳೆಯಲಿಲ್ಲ :-)

ಎರಡು ತಿಂಗಳು ಜಲಾಶಯಗಳಲ್ಲಿ ಆಡಿ, ಮೇ ತಿಂಗಳ ಒಂದು ಭಾನುವಾರ ಸಮುದ್ರಕ್ಕೇ ಹೊರಟೆ. ಸಾಂತಾ ಕ್ರೂಜ್ ಪಕ್ಕದ ಕ್ಯಾಪಿಟೋಲಾ. ಬೆಳಿಗ್ಗೆ ಆರೂವರೆಗೆ ಇಳಿಸಿದಾಗ ನೀರು ಹೊಳೆಯ ಹಾಗೆ ಸುಮ್ಮನಿತ್ತು. ಮರಳು ತಳದ ಮೇಲೆ ನಿಧಾನ ಹುಟ್ಟು ಹಾಕ್ತಾ, ಹಿಂದೆ ರಬ್ಬರಿನ ಮೀನು ಕಟ್ಟಿದ ದಾರ ಎಳೀತಾ ಹ್ಯಾಲಿಬಟ್ ಹುಡುಕುತ್ತಿದ್ದೆ. ನಮ್ಮ ನಂಗಿನ ಹಾಗೆ ಚಪ್ಪಟೆ ಮೀನು ಅದು, ಆದರೆ ತುಂಬಾ ದೊಡ್ಡದು. ಟೀ ಶರ್ಟು, ಚಡ್ಡಿ. ಒಳ್ಳೇ ಬಿಸಿಲು. ಹನ್ನೊಂದರ ಹೊತ್ತಿಗೆ ವಾಯವ್ಯದಿಂದ ಗಾಳಿ ಎದ್ದಿತು. ಇನ್ನೊಂದು ಸುತ್ತು ಹಾಕಿ ಹೋಗೋಣ ಅಂದುಕೊಂಡೆ. ಆ "ಇನ್ನೊಂದು ಸುತ್ತು" ಇದೆಯಲ್ಲ, ಅದರ ಬಗ್ಗೆಯೇ ಒಂದು ಪುಸ್ತಕ ಬರೀಬಹುದು.

ಗಾಳಕ್ಕೆ ಏನೋ ಸಿಕ್ಕಿತು. ರಾಡ್ ಬಾಗಿತು. ಹಿಂದೆ ಇಟ್ಟಿದ್ದ ಕೈಬಲೆ ತೆಗೆಯಲು ಬಲಕ್ಕೆ ವಾಲಿ ತಿರುಗಿದೆ. ಅದೇ ಹೊತ್ತಿಗೆ ಎಡಗಡೆಯಿಂದ ಒಂದು ಅಲೆ ಎತ್ತಿತು. ದೊಡ್ಡ ಅಲೆಯೇನಲ್ಲ, ಎರಡಡಿ ಇದ್ದೀತು. ಅಷ್ಟೇ ಸಾಕಾಯ್ತು.

ನೀರು ಹನ್ನೆರಡು ಡಿಗ್ರಿ. ಈ ಸಂಖ್ಯೆಯನ್ನು ನಾನು ಹಿಂದಿನ ದಿನವೇ ಓದಿದ್ದೆ. ಓದುವುದಕ್ಕೂ ಬೀಳುವುದಕ್ಕೂ ವ್ಯತ್ಯಾಸ ಇದೆ ಕಣ್ರೀ. ಬಿದ್ದ ಕ್ಷಣ ಎದೆ ತಾನಾಗಿಯೇ ಉಸಿರು ಎಳೆದುಕೊಂಡಿತು. ನಾನು ಎಳೆದದ್ದಲ್ಲ, ಅದು ಎಳೆದದ್ದು. ಬಾಯಿ ಅರ್ಧ ನೀರಿನಲ್ಲಿತ್ತು, ಉಪ್ಪುನೀರು ಒಳಗೆ ಹೋಯಿತು. ಆಮೇಲೆ ನಾಯಿ ತೇಕುವ ಹಾಗೆ ಉಸಿರು. ಇಪ್ಪತ್ತು ವರ್ಷದ ಈಜು ಆ ಒಂದು ನಿಮಿಷದಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಾಲಿಗೆ ದಾರ ಸುತ್ತಿಕೊಂಡಿತ್ತು. ಹುಟ್ಟು ಗಾಳಿಗೆ ತೇಲಿಕೊಂಡು ದೂರ ಹೋಗ್ತಾ ಇತ್ತು. ಲೈಫ್ ಜಾಕೆಟ್? ಮಗುಚಿದ ಕಯಾಕಿನ ಅಡಿಯಲ್ಲಿ, ರಬ್ಬರ್ ಹಗ್ಗದ ಕೆಳಗೆ, ನೀರೊಳಗೆ ಭದ್ರವಾಗಿತ್ತು.

ಮೂರನೇ ಪ್ರಯತ್ನಕ್ಕೆ ಕಯಾಕನ್ನು ಸರಿ ಮಾಡಿದೆ. ಹತ್ತಲು ಆಗಲಿಲ್ಲ. ಹತ್ತೋದು ಹೇಗೆ ಅಂತ ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲವಲ್ಲ! ಪ್ರತಿ ಸಲ ಎದೆ ಎತ್ತಿದಾಗಲೂ ಅದು ನನ್ನ ಮೇಲೇ ಮಗುಚುತ್ತಿತ್ತು. ಆಮೇಲಾಮೇಲೆ ಬೆರಳು ಮಡಚಲಿಲ್ಲ. ಮನಸ್ಸು "ಹಿಡಿ" ಅಂತಿದೆ, ಕೈ ಕೇಳ್ತಾ ಇಲ್ಲ. ಆಗ ನಿಜವಾಗಿ ಭಯ ಆಯ್ತು. ಅಮ್ಮನಿಗೆ ಫೋನ್ ಮಾಡುವವರು ಯಾರು, ಯಾವ ಭಾಷೆಯಲ್ಲಿ ಹೇಳ್ತಾರೆ ಅನ್ನೋ ಯೋಚನೆ ಬಂತು. ನಗಬೇಡಿ, ಅದೇ ಬಂದದ್ದು.

ಅಲ್ಲೇ ಮೀನು ಹಿಡಿಯುತ್ತಿದ್ದ ಒಬ್ಬ ಹಿರಿಯರು ನೋಡಿ ಬಂದರು. ತಮ್ಮ ಕಯಾಕನ್ನು ನನ್ನದಕ್ಕೆ ಒತ್ತಿ ಹಿಡಿದುಕೊಂಡು, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೂರೇ ಶಬ್ದ: ಹೊಟ್ಟೆ, ಕುಂಡೆ, ಕಾಲು. ಮೊದಲು ಹೊಟ್ಟೆ ಅಡ್ಡ ಹಾಕು, ಆಮೇಲೆ ತಿರುಗಿ ಕುಂಡೆ ಊರು, ಕೊನೆಗೆ ಕಾಲು ಎತ್ತಿಕೋ. ಹತ್ತಿದೆ. ನಾನು ಅರ್ಧ ಗಂಟೆ ನೀರಲ್ಲಿದ್ದೆ ಅಂದುಕೊಂಡಿದ್ದೆ. ಅವರು ಹೇಳಿದ್ದು, ಹತ್ತು ಹನ್ನೆರಡು ನಿಮಿಷ. ದಡಕ್ಕೆ ಬಂದ ಮೇಲೆ ಕಾರಿನ ಕೀ ತಿರುಗಿಸಲೂ ಬೆರಳು ಬರಲಿಲ್ಲ.

ಈಗ ಕಾನೂನಿನ ವಿಷಯಕ್ಕೆ ಬರ್ತೀನಿ. ಆ ದಿನ ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಯಾಕಿನಲ್ಲಿ ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್ ಇರಬೇಕು, ಅಷ್ಟೇ. 13 ವರ್ಷದ ಒಳಗಿನ ಮಕ್ಕಳು ಮಾತ್ರ ಹಾಕಿಕೊಂಡಿರಲೇಬೇಕು. ನನ್ನ ಹತ್ತಿರ ಜಾಕೆಟ್ ಇತ್ತು. ಕೋಸ್ಟ್ ಗಾರ್ಡ್ ಒಪ್ಪಿದ ಜಾಕೆಟ್ಟೇ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಬ್ಯಾಕಪ್ ಇತ್ತು, ಆದರೆ ಅದೇ ಸರ್ವರಿನಲ್ಲಿತ್ತು, ರಿಸ್ಟೋರ್ ಮಾಡಿ ಒಮ್ಮೆಯೂ ನೋಡಿರಲಿಲ್ಲ. ಆಡಿಟ್ಟಿನಲ್ಲಿ ಪಾಸು, ಸರ್ವರ್ ಬಿದ್ದ ದಿನ ಫೇಲು.

ನಾನೊಬ್ಬನೇ ದಡ್ಡ ಅಲ್ಲ ಅನ್ನೋದಕ್ಕೆ ಲೆಕ್ಕ ಇದೆ. ಅಮೆರಿಕದ ಕೋಸ್ಟ್ ಗಾರ್ಡ್ ಪ್ರಕಾರ 2023ರಲ್ಲಿ ಮೋಜಿಗಾಗಿ ಹೋದ ದೋಣಿಗಳ ಅಪಘಾತದಲ್ಲಿ ಸತ್ತವರು 564 ಮಂದಿ. ಸಾವಿನ ಕಾರಣ ಗೊತ್ತಾದವರಲ್ಲಿ ಶೇ. 75ರಷ್ಟು ಜನ ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ, ಜಾಕೆಟ್ಟಿನ ವಿವರ ಸಿಕ್ಕವರ ಪೈಕಿ ಶೇ. 87ರಷ್ಟು ಜನ ಅದನ್ನು ಹಾಕಿಕೊಂಡಿರಲಿಲ್ಲ. ಅವರಲ್ಲಿ ಈಜು ಬರುವವರು ಎಷ್ಟು ಜನ ಇದ್ದಿರಬಹುದು, ಯೋಚಿಸಿ.

ತಣ್ಣೀರಿನ ವಿಷಯದಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅನ್ನೋ ವಿಜ್ಞಾನಿ ಒಂದು ಸುಲಭದ ಸೂತ್ರ ಹೇಳಿದ್ದಾರೆ: 1-10-1. ಹಿಮದಂಥ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು 1 ಗಂಟೆ. ಕ್ಯಾಪಿಟೋಲಾದ ನೀರು ಹಿಮದಷ್ಟು ತಣ್ಣಗಿಲ್ಲ, ಆದರೂ ಕ್ರಮ ಅದೇ. ಇದರಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಬಹಳ ಜನ ಹೆದರೋದು ಆ ಕೊನೆಯ ಒಂದು ಗಂಟೆಗೆ. ಜೀವ ಹೋಗೋದು ಮಾತ್ರ ಎಷ್ಟೋ ಸಲ ಮೊದಲ ಒಂದು ನಿಮಿಷದಲ್ಲಿ, ಇಲ್ಲವೇ ಆ ಹತ್ತು ನಿಮಿಷದಲ್ಲಿ. ಮಲ್ಪೆಯ ಬೆಚ್ಚಗಿನ ಕಡಲಲ್ಲಿ ಕಲಿತ ಈಜು ಇಲ್ಲಿ ಬೇರೆಯೇ ವಿದ್ಯೆ. ವಸಂತ ಕಾಲದಲ್ಲಿ ಈ ಕರಾವಳಿಯ ವಾಯವ್ಯ ಗಾಳಿ ಮೇಲಿನ ನೀರನ್ನು ಆಚೆ ತಳ್ಳಿ ಆಳದ ತಣ್ಣನೆ ನೀರನ್ನು ಮೇಲೆ ತರುತ್ತದೆ. ಅಂದರೆ ಮೇಲೆ ಬಿಸಿಲು ಹೆಚ್ಚಿದಷ್ಟೂ ಕೆಳಗೆ ನೀರು ಬೆಚ್ಚಗಾಗುತ್ತೆ ಅನ್ನೋ ನಮ್ಮೂರಿನ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಅಮ್ಮನಿಗೆ ಹೇಳಲಿಲ್ಲ. ಮಾವನಿಗೆ ಹೇಳಿದೆ. ವೀಡಿಯೋ ಕಾಲಿನಲ್ಲಿ ಕಯಾಕ್ ತೋರಿಸಿದಾಗ ಮೊದಲು ನಕ್ಕರು. "ಎಂತದಾ ಮಾಣಿ ಅದ್, ದೋಣಿಯಾ ತೊಟ್ಲಾ?" ಅಂದರು. ಪೂರ್ತಿ ಕಥೆ ಕೇಳಿದ ಮೇಲೆ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ನೇ ಹ್ವಾಪ್ದಾ?" ಅಂತ ಒಂದೇ ಮಾತು ಕೇಳಿದರು.

"ನೀವು ಯಾರಾದ್ರೂ ಯಾವತ್ತಾದ್ರೂ ಜಾಕೆಟ್ ಹಾಕಿದ್ದೀರಾ ಮಾವ?" ಅಂತ ವಾದಕ್ಕೆ ಕೇಳಿದೆ. ಇಲ್ಲ ಅಂದರು. ಹಾಕದೇ ಇದ್ದದ್ದು ಸರಿ ಅಂತಲೂ ಹೇಳಲಿಲ್ಲ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ನಿಂತಾಗಲೂ ನಾಡದೋಣಿಗಳು ಹೊರಡುತ್ತವೆ, ಕೆಲವರು ವಾಪಸ್ ಬರೋದಿಲ್ಲ, ಅದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಅವರ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನೆನಪು ಮಾಡಿಕೊಂಡೆ. ಮಾವ ಯಾವತ್ತೂ ಒಬ್ಬರೇ ಹೋದದ್ದಿಲ್ಲ. ದೋಣಿಯಲ್ಲಿ ಇಬ್ಬರು. ಆಚೆ ಇನ್ನೊಂದು ದೋಣಿ. ದಡದಲ್ಲಿ ಬಟ್ಟೆ ಒಗೆಯುವವರು, ಬಲೆ ರಿಪೇರಿ ಮಾಡುವವರು. ಸಂಜೆ ಹೊತ್ತು ಮೀರಿದರೆ ಅತ್ತೆ ಹೊಳೆಬದಿಗೆ ಬಂದು ಕೂಗುತ್ತಿದ್ದರು. ನಾನು ಅದನ್ನೆಲ್ಲ "ನನಗೆ ನೀರು ಗೊತ್ತು" ಅಂತ ನನ್ನ ಖಾತೆಗೆ ಜಮಾ ಮಾಡಿಕೊಂಡಿದ್ದೆ. ನಿಜವಾಗಿ ನನ್ನನ್ನು ಕಾಯುತ್ತಿದ್ದದ್ದು ಸುತ್ತಲಿನ ಜನ. ಅವರನ್ನು ಬಿಟ್ಟು ಹದಿನಾಲ್ಕು ಸಾವಿರ ಕಿಲೋಮೀಟರಿನಷ್ಟು ದೂರ ಬಂದು ಒಂದೇ ಸೀಟಿನ ದೋಣಿ ಹತ್ತಿದ ಮೇಲೆ, ಅವರು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಲೇಬೇಕಲ್ಲ? ಜಾಕೆಟ್ಟು, ಸೀಟಿ, ರೇಡಿಯೋ, ಜೊತೆಗೊಬ್ಬ ಗೆಳೆಯ. ಇವೇ ನಮ್ಮ ಹೊಳೆದಂಡೆ.

ಕಯಾಕಿನ ಮೂಲದವರನ್ನೇ ನೋಡಿ. ಉತ್ತರ ಧ್ರುವದ ಸುತ್ತಮುತ್ತ ಇನ್ಯೂಟ್ ಮುಂತಾದ ಜನ ತೇಲಿಬಂದ ಮರದ ಚೌಕಟ್ಟಿಗೆ ಸೀಲಿನ ಚರ್ಮ ಹೊದಿಸಿ ಇದನ್ನು ಬೇಟೆಗಾಗಿ ಮಾಡಿಕೊಂಡವರು. ಗ್ರೀನ್‌ಲ್ಯಾಂಡಿನ ಬೇಟೆಗಾರರು ನೀರು ಒಳಬಾರದ ಚರ್ಮದ ಅಂಗಿ ಹಾಕಿ ಅದರ ಅಂಚನ್ನು ಕಯಾಕಿನ ಬಾಯಿಗೇ ಬಿಗಿಯುತ್ತಿದ್ದರು. ಮಗುಚಿದರೆ ಕೂತಲ್ಲಿಂದಲೇ ಉರುಳಿ ಮೇಲೆದ್ದು ಬರುವುದನ್ನು ಹುಡುಗರಿದ್ದಾಗಲೇ ಕಲಿಯುತ್ತಿದ್ದರು. ಅಂದರೆ ಗಾಳಿಗೆ ತಕ್ಕಂತೆ ಅಲ್ಲ, ನೀರಿಗೆ ತಕ್ಕಂತೆ ಬಟ್ಟೆ ಹಾಕು, ಬಿದ್ದರೆ ಏಳೋದು ಕಲಿ, ಇವೆರಡೂ ದೋಣಿಯ ಜೊತೆಗೇ ಬಂದ ಪಾಠಗಳು. ನಾವು ದೋಣಿ ತಗೊಂಡೆವು, ಪಾಠ ಅಲ್ಲೇ ಬಿಟ್ಟೆವು. ಅದರ ಬದಲು ರಾಡ್ ಹೋಲ್ಡರ್ ತಂದೆವು.

ಆದ್ದರಿಂದ ನನ್ನ ಖಡಾಖಂಡಿತ ಅಭಿಪ್ರಾಯ ಇದು: ಕಯಾಕಿನಲ್ಲಿ ಮೀನು ಹಿಡಿಯಲು ಶುರು ಮಾಡುವವರು ಮೊದಲ ಮೂರು ಸಲ ಗಾಳ ಒಯ್ಯಲೇಬಾರದು.

ಮೊದಲ ಸಲ, ಬರೀ ಹುಟ್ಟು ಹಾಕಿ. ಸಣ್ಣ ಕೆರೆ, ಬೇಸಿಗೆಯ ಬೆಳಿಗ್ಗೆ, ದಡದ ಪಕ್ಕ. ಗಾಳಿಯ ಎದುರಿಗೆ ಒಮ್ಮೆ ಹೋಗಿ ನೋಡಿ. ಹೋಗುವಾಗ ಹತ್ತು ನಿಮಿಷ ಹಿಡಿದ ದಾರಿ ಬರುವಾಗ ಇಪ್ಪತ್ತೈದು ಆಗಬಹುದು ಅನ್ನೋದು ತೋಳಿಗೆ ಗೊತ್ತಾಗಲಿ.

ಎರಡನೇ ಸಲ, ಬೀಳಿ. ಬೇಕಂತಲೇ. ಜಾಕೆಟ್ ಹಾಕಿಕೊಂಡು, ಪಕ್ಕದಲ್ಲಿ ಗೆಳೆಯನನ್ನು ನಿಲ್ಲಿಸಿಕೊಂಡು, ಎದೆಮಟ್ಟಕ್ಕಿಂತ ಆಳದ ನೀರಲ್ಲಿ. ಕಯಾಕನ್ನು ತಿರುಗಿಸಿ, ಹತ್ತಿ. ಹೊಟ್ಟೆ, ಕುಂಡೆ, ಕಾಲು. ಹತ್ತು ಸಲ ಬಿದ್ದು ಹತ್ತು ಸಲ ಹತ್ತಿ. ಹತ್ತಲಾಗದಿದ್ದರೆ ನಾಚಿಕೆ ಬೇಡ, ಆದರೆ ಹತ್ತಲು ಬರುವವರೆಗೆ ಸಮುದ್ರದ ಹೆಸರು ಎತ್ತಬೇಡಿ. ನನ್ನ ಹೆಂಡತಿ ಇದನ್ನು ನೋಡಿ, "ನಾಲ್ಕು ನೂರೈವತ್ತು ಡಾಲರ್ ಕೊಟ್ಟು ನೀರಿಗೆ ಬೀಳ್ತಾರಾ ಯಾರಾದ್ರೂ" ಅಂದಳು. ಅದೇ ಸರಿಯಾದ ಖರ್ಚು ಅಂದೆ.

ಮೂರನೇ ಸಲ, ಎಲ್ಲ ಸಾಮಾನು ಹೊತ್ತು, ಗಾಳ ಒಂದನ್ನು ಬಿಟ್ಟು. ಡಬ್ಬಿ, ಕೈಬಲೆ, ನೀರಿನ ಬಾಟಲಿ, ಎಲ್ಲ. ಮತ್ತೆ ಬೀಳಿ. ಯಾವುದು ತೇಲಿಹೋಯಿತು, ಯಾವುದು ಮುಳುಗಿತು, ಯಾವುದು ಕಾಲಿಗೆ ಸಿಕ್ಕಿತು ನೋಡಿ. ಕಟ್ಟಬೇಕಾದ್ದನ್ನು ಕಟ್ಟಿ, ಬೇಡದ್ದನ್ನು ಮನೇಲಿಡಿ. ಮೊಟ್ಟಮೊದಲು ಕಟ್ಟಬೇಕಾದ್ದು ಹುಟ್ಟು. ದಾರ ಕತ್ತರಿಸಲು ಸಣ್ಣ ಚಾಕು ಜಾಕೆಟ್ಟಿನ ಮೇಲೇ ಇರಲಿ.

ಆಮೇಲೆ ಗಾಳ. ಒಂದೇ ರಾಡ್ ಸಾಕು. ಮೀನು ತೋರಿಸೋ ಯಂತ್ರದ ದುಡ್ಡಲ್ಲಿ ಒಂದು ವೆಟ್‌ಸೂಟ್ ಕೊಳ್ಳಿ. ಸಮುದ್ರಕ್ಕಾದರೆ ನೀರು ತಾಗಿದರೂ ಕೆಡದ ಕೈರೇಡಿಯೋ ಬೇಕು, ಸಹಾಯ ಕೇಳುವುದು 16ನೇ ಚಾನೆಲ್ಲಿನಲ್ಲಿ. ಹೊರಡುವ ಮೊದಲು ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೇಲಿ ಹೇಳಿ. ಗಾಳಿ ಎದ್ದರೆ ಮೀನು ಕಚ್ಚುತ್ತಿದ್ದರೂ ತಿರುಗಿ ಬನ್ನಿ. ಲಂಗರು ಹಾಕುವ ಆಸೆ ಸದ್ಯಕ್ಕೆ ಬೇಡ, ಪಕ್ಕಕ್ಕೆ ಕಟ್ಟಿದ ಲಂಗರು ಸೆಳೆತದಲ್ಲಿ ಕಯಾಕನ್ನು ಮಗುಚಿಬಿಡುತ್ತದೆ.

ಇಲ್ಲಿರುವವರಿಗೆ ಇನ್ನೆರಡು ಮಾತು. 16 ವರ್ಷ ಆದವರಿಗೆಲ್ಲ ಮೀನು ಹಿಡಿಯಲು ಲೈಸೆನ್ಸ್ ಬೇಕು. ಸಮುದ್ರದ ಸಾರ್ವಜನಿಕ ಪಿಯರ್ ಮೇಲೆ ನಿಂತು ಹಿಡಿದರೆ ಬೇಡ, ಕಯಾಕಿನಿಂದಾದರೆ ಬೇಕು. 22 ಇಂಚಿಗಿಂತ ಚಿಕ್ಕ ಹ್ಯಾಲಿಬಟ್ ಸಿಕ್ಕರೆ ವಾಪಸ್ ಬಿಡಬೇಕು. 2024ರ ಅಕ್ಟೋಬರಿನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ಗೋಲ್ಡನ್ ಮಸೆಲ್ ಅನ್ನೋ ಹೊರದೇಶದ ಚಿಪ್ಪುಜೀವಿ ಪತ್ತೆಯಾದ ಮೇಲೆ ಹಲವು ಜಲಾಶಯಗಳಲ್ಲಿ ದೋಣಿ ಇಳಿಸುವ ನಿಯಮ ಬಿಗಿಯಾಗಿದೆ, ಹೊರಡುವ ಮೊದಲು ನೋಡಿಕೊಳ್ಳಿ. ಇನ್ನು ನಮ್ಮಂಥ ಮೀನುಪ್ರಿಯರಿಗೆ ಬೇಜಾರಿನ ಸುದ್ದಿ: ಸ್ಯಾನ್ ಹೊಸೆ ಪಕ್ಕದ ಕಲೇರೋ, ಆಲ್ಮಡೆನ್ ಜಲಾಶಯಗಳ ಮೀನನ್ನು ತಿನ್ನಬಾರದು. ನ್ಯೂ ಆಲ್ಮಡೆನ್‌ನ ಹಳೇ ಪಾದರಸದ ಗಣಿಯ ಪಾದರಸ ಇವತ್ತಿಗೂ ಆ ನೀರಲ್ಲಿದೆ. ಹಿಡಿದು, ನೋಡಿ, ಬಿಟ್ಟುಬಿಡಿ. ಮಸಾಲೆ ಅರೆದು ಕೂರಬೇಡಿ.

"ಅತಿಯಾಯ್ತು ನಿಂದು, ಹೀಗೆ ಹೆದರಿಸಿದರೆ ಯಾರು ಹೋಗ್ತಾರೆ" ಅಂತ ಒಬ್ಬ ಗೆಳೆಯ ಆಗಲೇ ಹೇಳಿದ್ದಾನೆ. ಹೆದರಿಸುವುದು ನನ್ನ ಉದ್ದೇಶ ಅಲ್ಲ. ನಾನೇ ಈಗಲೂ ಹೋಗ್ತೀನಿ. ಬೆಳಿಗ್ಗೆ ಆರೂವರೆಗೆ ಮಂಜಿನ ಮಧ್ಯೆ ಹುಟ್ಟಿನ ಸದ್ದು ಬಿಟ್ಟು ಬೇರೇನೂ ಕೇಳದೇ ಇರುವಾಗ ಸಿಗುವ ಸುಖ ಯಾವ ವಾರಾಂತ್ಯದ ಮಾಲಿನಲ್ಲೂ ಸಿಗೋದಿಲ್ಲ. ಅದಕ್ಕಾಗಿ ಮೂರು ಶನಿವಾರ ಕಳೆದುಕೊಳ್ಳೋದು ಹೆಚ್ಚೇನಲ್ಲ. "ಜಾಕೆಟ್ ಇಟ್ಟುಕೊಳ್ಳೋದು ಸಾಕು, ಹಾಕೋದು ಅವರವರ ಇಷ್ಟ" ಅನ್ನುವವರೂ ಇದ್ದಾರೆ. ಬಿದ್ದ ಮೇಲೆ ಹಾಕಿಕೊಳ್ಳುತ್ತೇನೆ ಅನ್ನೋದು ನಡೆಯುವ ಮಾತಲ್ಲ. ಬೆರಳೇ ಮಡಚದವನು ಬಕಲ್ ಹೇಗೆ ಹಾಕ್ತಾನೆ?

ಆ ಹಿರಿಯರಿಗೆ ಆಮೇಲೆ ಏನಾದರೂ ಕೊಡಲು ಹೋದೆ. ಬೇಡ ಅಂದರು. ನನ್ನ ಸೀಟಿನ ಹಿಂದೆ ಇದ್ದ ನೀಲಿ ಜಾಕೆಟ್ಟನ್ನು ತೋರಿಸಿ, ಮುಂದಿನ ಸಲ ಇದನ್ನು ಹಾಕ್ಕೊಂಡು ಬಾ, ಅಷ್ಟೇ ಸಾಕು ಅಂದರು. ಹಾಕಿಕೊಂಡೇ ಹೋಗ್ತಾ ಇದ್ದೀನಿ. ಫೋಟೋದಲ್ಲಿ ಹೊಟ್ಟೆ ದಪ್ಪ ಕಾಣುತ್ತೆ. ಕಾಣಲಿ ಬಿಡಿ.

ಹಳೇ ಫೋಟೋ ಅಲ್ಲೇ ಇದೆ, ತೆಗೆದಿಲ್ಲ. ಅದರ ಕೆಳಗೆ ಇದ್ದ ಪಟ್ಟಿಯನ್ನು ಮಾತ್ರ ಅಳಿಸಿದ್ದೇನೆ. ನಿಮ್ಮಲ್ಲಿ ಯಾರಾದರೂ ಅದನ್ನು ನೋಡಿ ಆಗಲೇ ಕಯಾಕ್ ಕೊಂಡಿದ್ದರೆ ದಯವಿಟ್ಟು ತಿಳಿಸಿ. ಬೇ ಏರಿಯಾದಲ್ಲೇ ಇದ್ದರೆ ಬರುವ ಶನಿವಾರ ಒಟ್ಟಿಗೆ ಹೋಗಿ ಹತ್ತು ಸಲ ಬಿದ್ದು ಬರೋಣ. ಚಿತ್ರಾನ್ನ ನಾನು ತರ್ತೀನಿ.